ಕೇಡಿಗೊಂದು ಬಾಲ್ಯ ಬೇಕಾ?

ಹೋದ ಭಾನುವಾರ ಅಕ್ಕನ ಮಗನನ್ನು ಚಾಮುಂಡಿ ಬೆಟ್ಟಕ್ಕೆ ಕರ್ಕೊಂಡು ಹೋಗಿದ್ದೆ. ಹುಡುಗ ಫಸ್ಟ್ ಪಿಯುಸಿ, ಕಾಮಿಕ್ಸ್ ಹುಚ್ಚ. ಸಾವಿರ ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಮಹಿಷಾಸುರನ ಪ್ರತಿಮೆ ಮುಂದೆ ನಿಂತ್ವಿ. ಒಂದು ಕೈಲಿ ಕತ್ತಿ, ಇನ್ನೊಂದರಲ್ಲಿ ಹಾವು, ದಪ್ಪ ಮೀಸೆ. "ಮಾಮ, ಇವ್ನು ಯಾಕೆ ಹಿಂಗಾದ? ಇವನ ಪ್ರೀಕ್ವೆಲ್ ಇದ್ಯಾ?" ಅಂದ.

ನಗು ಬಂತು. ಆದರೆ ಇದೆ. ಮಾರ್ಕಂಡೇಯ ಪುರಾಣದ ದೇವೀ ಮಾಹಾತ್ಮ್ಯೆಯಲ್ಲಿ ಮಹಿಷ ಬರೋದೇ ಯುದ್ಧದ ಜೊತೆ. ಹುಟ್ಟು, ಬಾಲ್ಯ ಏನೂ ಇಲ್ಲ. ಹಿಂದಿನ ಕತೆ ಸಿಗೋದು ಆಮೇಲೆ ಬಂದ ದೇವೀ ಭಾಗವತದಲ್ಲಿ. ರಂಭ, ಕರಂಭ ಅನ್ನೋ ಅಣ್ಣತಮ್ಮಂದಿರು ಮಕ್ಕಳಿಗಾಗಿ ತಪಸ್ಸಿಗೆ ಕೂರ್ತಾರೆ. ನೀರಿನಲ್ಲಿದ್ದ ಕರಂಭನನ್ನು ಇಂದ್ರ ಮೊಸಳೆಯಾಗಿ ಬಂದು ಕೊಲ್ತಾನೆ. ರಂಭ ಒಂದು ಎಮ್ಮೆಯನ್ನು ಮೆಚ್ಚಿ ಕಟ್ಟಿಕೊಳ್ತಾನೆ, ಕೋಣವೊಂದು ತಿವಿದು ಸಾಯ್ತಾನೆ. ಅವನ ಚಿತೆಗೆ ಎಮ್ಮೆಯೂ ಹಾರುತ್ತೆ. ಆ ಬೆಂಕಿಯಿಂದ ಮಹಿಷ ಎದ್ದು ಬರ್ತಾನೆ.

ನನಗೆ ಈ ಕತೆ ಇಷ್ಟ. ಮೊದಲ ಪುರಾಣ ಹೇಳದೆ ಬಿಟ್ಟ ಒಂದು ವಿಷಯವನ್ನು ಇದು ಹೇಳುತ್ತೆ: ದೇವತೆಗಳ ಕೈಯೂ ಅಷ್ಟೇನೂ ಶುದ್ಧವಾಗಿರಲಿಲ್ಲ. ಹಾಗಂತ ಮಹಿಷನಿಗೆ ಮಾಫಿ ಇಲ್ಲ. ಅಲ್ಲೂ ದೇವಿ ಅವನನ್ನು ಕೊಂದೇ ಕೊಲ್ತಾಳೆ.

ಅಳಿಯ ಮೊಬೈಲ್ ತೆಗೆದು ತೋರಿಸಿದ. ಹುಟ್ಟುಹಬ್ಬಕ್ಕೆ ಅವನಿಗೆ 'ಬಿಫೋರ್ ವಾಚ್‌ಮೆನ್' ಬೇಕಂತೆ, ಅದರಲ್ಲೂ ಕಮೀಡಿಯನ್ ಮತ್ತು ರೋರ್‌ಶಾಕ್ ಪುಸ್ತಕಗಳು. ನಾನೂ ಒಂದು ಕಾಲದಲ್ಲಿ ಹಾಸ್ಟೆಲ್ ರೂಮಲ್ಲಿ ರಾತ್ರಿಯಿಡೀ 'ವಾಚ್‌ಮೆನ್' ಓದಿದವನೇ. ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಅದನ್ನು ಮಾಡಿದ್ದು 1986–87ರಲ್ಲಿ. 2012ರಲ್ಲಿ ಡಿಸಿ ಕಂಪನಿ ಬೇರೆಯವರ ಕೈಲಿ ಅದರ ಹಿಂದಿನ ಕತೆಗಳನ್ನು ಬರೆಸಿತು. ಮೂರ್‌ಗೆ ಅದು ಸುತರಾಂ ಇಷ್ಟ ಇರಲಿಲ್ಲ.

ರೋರ್‌ಶಾಕ್‌ನ ಬಾಲ್ಯ ಮೂಲದಲ್ಲೇ ಒಂದು ಅಧ್ಯಾಯದಲ್ಲಿ ಮುಗಿದಿದೆ. ಜೈಲಿನಲ್ಲಿ ಮನೋವೈದ್ಯರೊಬ್ಬರಿಗೆ ಅವನು ತನ್ನ ಕತೆ ಹೇಳ್ತಾನೆ, ಕೇಳಿದ ವೈದ್ಯರ ನಿದ್ದೆ, ಸಂಸಾರ ಎರಡೂ ಹಾಳಾಗುತ್ತೆ. 2012ರ ಪುಸ್ತಕ ನಡೆಯೋದು 1977ರಲ್ಲಿ. ಅದರಲ್ಲಿ ಇನ್ನಷ್ಟು ಹೊಡೆದಾಟ ಇದೆ, ಅಷ್ಟೆ. ಇನ್ನು ಕಮೀಡಿಯನ್. ಮೂಲದಲ್ಲಿ ಅವನು ವಿಯೆಟ್ನಾಂನಲ್ಲಿ ತನ್ನಿಂದಲೇ ಬಸುರಾದ ಹೆಂಗಸಿಗೆ ಗುಂಡು ಹಾರಿಸ್ತಾನೆ. ಅವನಿಗೆ ಆರು ಸಂಚಿಕೆಗಳ ಪ್ರೀಕ್ವೆಲ್ ಸಿಕ್ತು. ಆ ಹೆಂಗಸಿಗೆ ಮೂಲದಲ್ಲಿ ಒಂದು ಹೆಸರೂ ಇಲ್ಲ.

ಅಮೆರಿಕದವರನ್ನು ಬೈಯೋಕೆ ಇದನ್ನು ಹೇಳ್ತಿಲ್ಲ. ನಮ್ಮೂರು ಕೊಳ್ಳೇಗಾಲದ ಹತ್ತಿರ. ಚಿಕ್ಕಂದಿನಲ್ಲಿ ಇದ್ದಿಲಲ್ಲಿ ಮೀಸೆ ಬರ್ಕೊಂಡು ವೀರಪ್ಪನ್ ಆಟ ಆಡಿದೋನು ನಾನು. ಅವನ ಮೇಲೆ ಬಂದ 'ಅಟ್ಟಹಾಸ'ವನ್ನೂ ನೋಡಿದೀನಿ, 2023ರ ನೆಟ್‌ಫ್ಲಿಕ್ಸ್ ಸೀರೀಸನ್ನೂ ನೋಡಿದೀನಿ. ಅವನು ಹುಟ್ಟಿದ ಊರು, ಮೊದಲ ಆನೆ ಬೇಟೆ, ಮದುವೆ, ಎಲ್ಲಾ ಬಾಯಿಪಾಠ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಹತ್ತಿರ ಅವನ ಗ್ಯಾಂಗ್ ಇಟ್ಟ ಬಾಂಬಿಗೆ 22 ಜನ ಸತ್ತರು. ಅದರಲ್ಲಿ ಒಬ್ಬರ ಹೆಸರು ಹೇಳು ಅಂದರೆ ನನಗೆ ಬರಲ್ಲ.

ಇದಕ್ಕಿಂತ ಹತ್ತಿರದ ವಿಷಯವೂ ಒಂದಿದೆ. ನಮ್ಮ ಚಿಕ್ಕಪ್ಪ ಕುಡ್ಕೊಂಡು ಬಂದು ಚಿಕ್ಕವ್ವನಿಗೆ ಹೊಡೀತಿದ್ದ. ಬೆಳಿಗ್ಗೆ ಜಗಲಿ ಮೇಲೆ ಕೂತವರೆಲ್ಲ ಅವನ ಪ್ರೀಕ್ವೆಲ್ ಹೇಳೋರು. "ಪಾಪ, ಅವನಪ್ಪ ಅವನ್ನ ಕಂಬಕ್ಕೆ ಕಟ್ಟಿ ಹೊಡೀತಿದ್ದ ಕನ." ಅದು ಸುಳ್ಳಲ್ಲ, ನಿಜವೇ. ಒಂದಿನ ಚಿಕ್ಕವ್ವ ಒಡೆದ ತುಟಿಗೆ ಅರಿಶಿನ ಮೆತ್ಕೊಂಡು ರಾಗಿ ಮುದ್ದೆ ತಿರುವ್ತಿದ್ಲು. ಹದಿನಾಲ್ಕು ವರ್ಷದ ನಾನು ದೊಡ್ಡ ಮನುಷ್ಯನ ಹಾಗೆ ಹೇಳಿದೆ: "ಚಿಕ್ಕಪ್ಪ ಪಾಪ ಅಲ್ವಾ ಚಿಕ್ಕವ್ವ, ಅವರಪ್ಪ ಹಂಗಿದ್ರಂತೆ." ಅವಳು ಏನೂ ಅನ್ನಲಿಲ್ಲ. ಬಿಸಿ ಮುದ್ದೆ ತಟ್ಟೆಗೆ ಹಾಕಿ, "ಉಣ್ಣು" ಅಂದ್ಲು. ಎಲ್ಲರೂ ದಿನಾ ಹೇಳ್ತಿದ್ದ ಆ ಕತೆಯನ್ನು ಅವತ್ತು ಅವಳ ಮುಂದೆ ನಾನೂ ಇಟ್ಟಿದ್ದೆ. ಇವತ್ತಿಗೂ ಆ ಮಾತು ನೆನಪಾದ್ರೆ ಮೈ ಹಿಂಡಿದಂಗಾಗುತ್ತೆ.

ಈ ಯುಗಾದಿಗೆ ಊರಿಗೆ ಹೋದಾಗ ಚಿಕ್ಕವ್ವ ಹೆಪ್ಪಿಟ್ಟಿದ್ದ ಹಳೇ ಸ್ಟೀಲ್ ಚೊಂಬು ಕಣ್ಣಿಗೆ ಬಿತ್ತು. ಅದರ ಮೇಲೆ ಸವೆದು ಹೋದ ಅಕ್ಷರ ಇತ್ತು. ಅವಳ ಹೆಸರು, ಕೆಳಗೆ 'ಕಬಡ್ಡಿ'.

"ಇದೇನ್ ಚಿಕ್ಕವ್ವ?"

"ತಾಲ್ಲೂಕಿಗೇ ಫಸ್ಟ್ ಬಂದಿದ್ದೆ ಕನಪ್ಪ. ನಾನು ಹಿಡದ್ರೆ ಯಾವಳೂ ಗೆರೆ ದಾಟ್ತಿರ್ನಿಲ್ಲ," ಅಂತ ನಕ್ಳು.

ಮೂವತ್ತು ವರ್ಷದಿಂದ ಆ ಚೊಂಬು ಅದೇ ಅಡುಗೆಮನೆಯಲ್ಲಿದೆ. ಅದರಲ್ಲೇ ಎಷ್ಟು ಸಲ ಮಜ್ಜಿಗೆ ಕುಡಿದಿದೀನೋ ಲೆಕ್ಕ ಇಲ್ಲ. ಚಿಕ್ಕಪ್ಪನ ಬಾಲ್ಯ ನನಗೆ ಪೂರ್ತಿ ಗೊತ್ತಿತ್ತು. ಚಿಕ್ಕವ್ವ ಕಬಡ್ಡಿ ಆಡ್ತಿದ್ಲು ಅನ್ನೋದೇ ಗೊತ್ತಿರಲಿಲ್ಲ. ಬ್ಲಾಗಲ್ಲಿ ಬರೀಲಾ ಅಂತ ಕೇಳಿದೆ. "ಬರಕೋ, ಹೆಸರು ಮಾತ್ರ ಹಾಕಬ್ಯಾಡ" ಅಂದ್ಲು. ಅದಕ್ಕೇ ಹಾಕಿಲ್ಲ.

ಹಂಗಾದ್ರೆ ಪ್ರೀಕ್ವೆಲ್ ಬೇಡ್ವಾ? ಬೇಕು, ದೇವೀ ಭಾಗವತದ ತರಹದ್ದಾದ್ರೆ. ಮನುಷ್ಯ ಹೇಗೆ ಕೆಡ್ತಾನೆ ಅಂತ ತಿಳ್ಕೊಳ್ಳೋದು ತಪ್ಪಲ್ಲ. ಚಿಕ್ಕಪ್ಪನ ಅಪ್ಪ ಹೊಡೆದಿದ್ದೂ ಗೊತ್ತಿರಬೇಕು, ಇಲ್ಲಾಂದ್ರೆ ಆ ಚಾಳಿ ನಮ್ಮವರೆಗೂ ಇಳಿದು ಬರುತ್ತೆ. ಆದರೆ ನಮಗೆ ಮೊದಲೇ ಇಷ್ಟವಾದ ಕೇಡಿಯನ್ನು ಇನ್ನಷ್ಟು ಇಷ್ಟಪಡೋಕೆ ಒಂದು ನೆಪ ಹುಡುಕಿ ಕೊಡೋ ಪುಸ್ತಕಕ್ಕೆ ನಾನು ದುಡ್ಡು ಕೊಡಲ್ಲ. ಈಗ ನಾನು ನೋಡೋದು ಒಂದೇ: ಏಟು ತಿಂದವರಿಗೂ ಅದರಲ್ಲಿ ಹಿಂದಿನ ದಿನಗಳು ಇದಾವಾ?

ಬೆಟ್ಟ ಇಳೀತಾ ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಹುಟ್ಟುಹಬ್ಬಕ್ಕೆ ಮೂಲ 'ವಾಚ್‌ಮೆನ್' ಕೊಡಿಸ್ತೀನಿ, ಅದನ್ನ ಓದಿದ ಮೇಲೂ ಬೇಕು ಅನ್ನಿಸಿದ್ರೆ ಮಿಕ್ಕಿದ್ದು ನೋಡೋಣ ಅಂದೆ. ಮುಖ ಸಣ್ಣ ಮಾಡ್ಕೊಂಡ. ನಂದಿ ಹತ್ತಿರ ಚುರುಮುರಿ ತಿಂತಾ ಕೇಳಿದ, "ಮಾಮ, ಅಜ್ಜಿ ರೈಡರ್ರಾ, ಡಿಫೆಂಡರ್ರಾ?"

ಡಿಫೆಂಡರ್ ಅಂದೆ.