ಠಾಕುರ್ಲಿಯ ಗೋಡೆ, ಮೆಟ್ರೋದ ಗೋಡೆ

ಡೊಂಬಿವಲಿ ದಾಟಿದೊಡನೆ ಬರುವ ಠಾಕುರ್ಲಿಯಲ್ಲಿ ಫಾಸ್ಟ್ ಲೋಕಲ್ ನಿಲ್ಲದು. ಆದರೆ ಒಂದು ಕಾಲಕ್ಕೆ ರೈಲುಗಳಿಗೆ ವಿದ್ಯುತ್ ಕೊಟ್ಟ ಚೋಳಾ ಪವರ್‌ಹೌಸ್ ಇದ್ದ ಊರಿದು, ಮಕ್ಕಳೇ! 2015ರ ಜುಲೈ ತಿಂಗಳ ಒಂದು ರಾತ್ರಿ ಇಲ್ಲಿ ಹಳೆಯ ಕಟ್ಟಡವೊಂದು ಕುಸಿದು ಜನ ಸತ್ತರು. ಅಂದಿನಿಂದ ನಮ್ಮ ಗೋಡೆಯ ಬಿರುಕಿನ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆದಿಡುತ್ತೇನೆ.

ಮುಂಬೈಯ ಮೂರನೆಯ ಮೆಟ್ರೋ ಮಾರ್ಗ 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆಯಿತು. 27 ನಿಲ್ದಾಣಗಳಲ್ಲಿ 26 ನೆಲದಡಿ! ಸುರಂಗ ಕೊರೆಯುವಾಗ ಮೇಲಿನ ಹಳೆಯ ಕಟ್ಟಡಗಳ ವಾಲಿಕೆ, ಕಂಪನ ಅಳೆಯುತ್ತಿದ್ದರು. ನೆಲದಡಿಯ ನಿಲ್ದಾಣಕ್ಕೆ ಇಂಥ ಕಾವಲು ಆಮೇಲೂ ಬೇಕು. ಮಳೆಗಾಲದಲ್ಲಿ ಅಂತರ್ಜಲ ಏರಿ ಗೋಡೆಯನ್ನು ಒತ್ತುತ್ತದೆ, ಬೇಸಗೆಯಲ್ಲಿ ಇಳಿಯುತ್ತದೆ. ಸೆನ್ಸರುಗಳ ಹಲವು ವರ್ಷಗಳ ಲೆಕ್ಕವಿದ್ದರಷ್ಟೇ ಋತುವಿನ ಅಲುಗಾಟ ಯಾವುದು, ಅಪಾಯ ಯಾವುದು ಎಂದು ತಿಳಿಯುವುದು.

ನಮ್ಮ ಸೊಸೈಟಿಗಳಿಗೆ ಸೆನ್ಸರ್ ಎಲ್ಲಿಂದ ಬರಬೇಕು? 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಅಂತೂ ಉಂಟು. ಮುಂದಿನ ಮೀಟಿಂಗಿನಲ್ಲಿ ಅದನ್ನು ಕೇಳುವವರು ನೀವಾಗಿ.