ಅಮ್ಮನ ವೇಮಗಲ್

ಒಂದು ದಿನ ಒಂಬತ್ತನೇ ತರಗತಿಯಲ್ಲಿ ಚುನಾವಣೆಯ ಪಾಠ ನಡೆದಿತ್ತು. ಮಾತಿನ ಭರದಲ್ಲಿ, "ನಾನು ಮೊದಲ ಸಲ ಓಟು ಹಾಕಿದ್ದು ವೇಮಗಲ್ ಕ್ಷೇತ್ರದಲ್ಲಿ" ಎಂದುಬಿಟ್ಟೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ವೇಮಗಲ್ ಅಂದರೆ ಫ್ಯಾಕ್ಟರಿ ಏರಿಯಾ ಅಲ್ವಾ? ಅದು ಕ್ಷೇತ್ರ ಯಾವಾಗ ಆಗಿತ್ತು?" ಎಂದಳು. ಅವಳ ಅಕ್ಕ ಅಲ್ಲಿಗೆ ಕೆಲಸಕ್ಕೆ ಹೋಗುತ್ತಾಳಂತೆ. ಮಕ್ಕಳೆಲ್ಲ ನಕ್ಕರು. ನನಗೆ ಮಾತ್ರ ಅಮ್ಮನ ನೆನಪಾಗಿ ಪಾಠ ಅಲ್ಲಿಗೇ ನಿಂತಿತು.

ಟೇಕಲ್ ನಾನು ಸೇರಿದ ಊರು, ಮಾಲೂರು ತಾಲ್ಲೂಕು. ತವರು ವೇಮಗಲ್ ಹೋಬಳಿಯ ಒಂದು ಹಳ್ಳಿ, ಕೋಲಾರ ತಾಲ್ಲೂಕು. 1989ರಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದರು. ಆ ನವೆಂಬರಿನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ಬಂತು. ನನಗೆ 19, ಬಿ.ಎ. ಓದುತ್ತಿದ್ದೆ. ಅಮ್ಮ ಹಬ್ಬಕ್ಕೆ ತೆಗೆದಿಟ್ಟಿದ್ದ ಸೀರೆ ಉಟ್ಟು, ತಲೆಗೆ ಹೂ ಮುಡಿದು, "ನಡಿ ಅಮ್ಮಣ್ಣಿ, ಬಿಸಿಲೇರೋಕೆ ಮುಂಚೆ ಹೋಗಿ ಬರೋಣ" ಎಂದು ಹೊರಡಿಸಿದಳು.

ಅವಳಿಗೆ ಓಟು ಎಂದರೆ ಅಷ್ಟು ಸಡಗರ ಯಾಕೆಂದು ಆಗ ನನಗೆ ತಿಳಿಯಲಿಲ್ಲ. ಅಭ್ಯರ್ಥಿಗಳ ವಿಷಯದಲ್ಲಿ ಅವಳಿಗೆ ಅಂಥ ಆಸಕ್ತಿಯೇನೂ ಇರಲಿಲ್ಲ. ಆಮೇಲೆ ನಾನೇ ಶಿಕ್ಷಕಿಯಾಗಿ, ಚುನಾವಣೆ ಡ್ಯೂಟಿಗೆ ಹೋಗಿ, ಮತಗಟ್ಟೆಯಲ್ಲಿ ಪಟ್ಟಿ ಹಿಡಿದು ಕುಳಿತಾಗ ಅರ್ಥವಾಯಿತು. ಊರಿನಲ್ಲಿ ಅಮ್ಮನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಯಾರಿಗೋ ಅತ್ತೆ, ಯಾರಿಗೋ ಚಿಕ್ಕಮ್ಮ, ಮಿಕ್ಕವರಿಗೆ ನಮ್ಮ ಅಣ್ಣನ ಅಮ್ಮ. ಅವಳೂ ಅಪ್ಪನ ಹೆಸರು ಹೇಳುತ್ತಿರಲಿಲ್ಲ. ಮತಗಟ್ಟೆಯಲ್ಲಿ ಮಾತ್ರ ಅಧಿಕಾರಿ ಕ್ರಮಸಂಖ್ಯೆ ಹೇಳಿ ಅವಳ ಹೆಸರನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಅವಳು "ಹೂಂ, ನಾನೇ" ಎನ್ನುತ್ತಿದ್ದಳು.

ದೇಶದ ಮೊದಲ ಮಹಾಚುನಾವಣೆಯ ಕಥೆ ನಿಮಗೆ ಗೊತ್ತಿರಬಹುದು. 1951-52ರಲ್ಲಿ, ಹೆಚ್ಚಾಗಿ ಉತ್ತರದ ಕಡೆ, ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದು ಬರೆಸಿದ್ದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಒಪ್ಪಲಿಲ್ಲ. ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಅದನ್ನು ಓದಿ ಅಮ್ಮನಿಗೆ ಹೇಳಿದ್ದೆ. "ಹೆಸರು ಹೇಳೋಕೆ ಏನು ಸಂಕಟ ಅವರಿಗೆ? ಕೇಳಿದವರು ಅದೊಂದು ಸಲ ತಾನೇ" ಎಂದಿದ್ದಳು.

ಮದುವೆಯಾಗಿ ಟೇಕಲ್‌ಗೆ ಬಂದೆ. ನನ್ನ ಹೆಸರು ವೇಮಗಲ್‌ನಿಂದ ಮಾಲೂರು ಕ್ಷೇತ್ರಕ್ಕೆ ಬಂತು. ಅಮ್ಮ ವೇಮಗಲ್‌ನಲ್ಲೇ ಉಳಿದಳು. ಆ ಕ್ಷೇತ್ರ ಎಂದರೆ ನಮ್ಮ ಕಡೆಯವರಿಗೆ ಕೃಷಿ ಮಂತ್ರಿಯಾಗಿದ್ದ ಸಿ. ಬೈರೇಗೌಡರ ಹೆಸರು ಜೊತೆಗೇ ಬರುತ್ತಿತ್ತು. 2003ರಲ್ಲಿ ಅವರು ತೀರಿಕೊಂಡರು. ಉಪಚುನಾವಣೆಯಲ್ಲಿ ಅವರ ಮಗ ಕೃಷ್ಣ ಬೈರೇಗೌಡರು ಗೆದ್ದರು, 2004ರಲ್ಲಿ ಮತ್ತೆ ಗೆದ್ದರು. ಅದೇ ಆ ಕ್ಷೇತ್ರದ ಕೊನೆಯ ಚುನಾವಣೆ.

ಕ್ಷೇತ್ರ ಪುನರ್ವಿಂಗಡಣೆ ಎಂಬುದು ತಕ್ಕಡಿಯ ಕೆಲಸ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಆಯೋಗ 2001ರ ಜನಗಣತಿಯನ್ನು ಮುಂದಿಟ್ಟುಕೊಂಡು ಗೆರೆಗಳನ್ನು ಹೊಸದಾಗಿ ಎಳೆಯಿತು. ರಾಜ್ಯದ ಒಟ್ಟು ಸ್ಥಾನ 224ರಲ್ಲೇ ಉಳಿಯಬೇಕು, ಆದರೆ ಜನ ಬೆಂಗಳೂರಿನಲ್ಲಿ ತುಂಬಿದ್ದರು. ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನಗಳಾದವು. ಎಲ್ಲೋ ಹೆಚ್ಚಿದರೆ ಎಲ್ಲೋ ಇಳಿಯಲೇಬೇಕಲ್ಲ. ನಮ್ಮ ಕಡೆ ವೇಮಗಲ್ ಹೋಯಿತು, ಬೇತಮಂಗಲ ಹೋಯಿತು, ಬಂಗಾರಪೇಟೆ ಹೊಸದಾಗಿ ಬಂತು. ವೇಮಗಲ್ ಹೋಬಳಿ ಕೋಲಾರ ಕ್ಷೇತ್ರಕ್ಕೆ ಸೇರಿತು. ಅಲ್ಲಿನ ಶಾಸಕರು 2008ರಲ್ಲಿ ಬೆಂಗಳೂರಿನ ಬ್ಯಾಟರಾಯನಪುರದಿಂದ ನಿಂತು ಗೆದ್ದರು. ಅವರೊಬ್ಬರನ್ನೇ ಏನು ಹೇಳುವುದು? ಟೇಕಲ್ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾದು ನಿಲ್ಲುವವರನ್ನು ನೋಡಿದರೆ ಸಾಕು. ಮಕ್ಕಳು ಹೋದ ದಾರಿಯಲ್ಲೇ ಕ್ಷೇತ್ರವೂ ಹೋಯಿತು. ನನ್ನ ಅಣ್ಣನೂ ಆ ಹೊತ್ತಿಗೆ ಬೆಂಗಳೂರಿನಲ್ಲೇ ಮನೆ ಮಾಡಿದ್ದ.

ಹೊಸ ಗೆರೆಗಳ ಮೇಲೆ ದೇಶದಲ್ಲಿ ಮೊದಲು ಚುನಾವಣೆ ನಡೆದದ್ದು ನಮ್ಮ ರಾಜ್ಯದಲ್ಲೇ, 2008ರ ಮೇ ತಿಂಗಳಲ್ಲಿ. ನಾನು ಬೇರೆ ಊರಿನ ಮತಗಟ್ಟೆಯಲ್ಲಿ ಡ್ಯೂಟಿಯಲ್ಲಿದ್ದೆ. ಡ್ಯೂಟಿ ಮುಗಿಸಿ ಮಾರನೇ ದಿನ ತವರಿಗೆ ಹೋದೆ. ಅಮ್ಮನ ಬೆರಳಿನಲ್ಲಿ ಶಾಯಿ ಇರಲಿಲ್ಲ.

"ಯಾಕಮ್ಮ, ಓಟಿಗೆ ಹೋಗಲಿಲ್ವಾ?" ಎಂದೆ.

"ಹೋಗಿದ್ದೆ. ಚೀಟಿ ಹುಡುಕಿ ಹುಡುಕಿ ಇಲ್ಲ ಅಂದರು. ವೇಮಗಲ್ಲೂ ಇಲ್ಲ, ನಾನೂ ಇಲ್ಲ" ಎಂದಳು.

ಕೈಯಲ್ಲಿ ಗುರುತಿನ ಚೀಟಿಯಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ಕ್ಷೇತ್ರ ಬದಲಾದದ್ದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆಸಲು ಅಣ್ಣನ ಮನೆಯಲ್ಲಿ ಎರಡು ತಿಂಗಳಿದ್ದಳು. ಆಗ ಪಟ್ಟಿ ಪರಿಶೀಲನೆಗೆ ಬಂದವರು ಬೀಗ ಹಾಕಿದ ಮನೆ ನೋಡಿ, ಊರು ಬಿಟ್ಟಿದ್ದಾರೆಂದು ಬರೆದುಕೊಂಡಿರಬೇಕು. ಅವರನ್ನು ದೂರಿ ಏನು ಬಂತು? ಆ ವರ್ಷ ನಾನೂ ಟೇಕಲ್‌ನಲ್ಲಿ ಮನೆಮನೆಗೆ ಹೋಗಿ ಅದೇ ಕೆಲಸ ಮಾಡಿದ್ದೆ. ಎಷ್ಟು ಬೀಗಗಳ ಮುಂದೆ ನಿಂತು, ಬಿಸಿಲಿಗೆ ಬೇಸತ್ತು, ಪಕ್ಕದ ಮನೆಯವರ ಮಾತು ಕೇಳಿ ಗೀಟು ಎಳೆದಿದ್ದೆನೋ! ನನ್ನ ಅಮ್ಮನ ಹೆಸರಿದೆಯೇ ಎಂದು ಒಂದು ಸಲ ನೋಡುವುದೂ ನನಗೆ ತೋಚಿರಲಿಲ್ಲ.

ಮಕ್ಕಳಿಗೆ ನಾನು ಇಂಗ್ಲೆಂಡಿನ ಓಲ್ಡ್ ಸೇರಂ ಕಥೆ ಹೇಳುವುದುಂಟು. ಊರೇ ಪಾಳುಬಿದ್ದ ದಿಬ್ಬ. ಬೆರಳೆಣಿಕೆಯ ಮತದಾರರು ಇಬ್ಬರು ಸದಸ್ಯರನ್ನು ಪಾರ್ಲಿಮೆಂಟಿಗೆ ಕಳಿಸುತ್ತಿದ್ದರು. 1832ರ ಸುಧಾರಣೆಯಲ್ಲಿ ಅದನ್ನು ರದ್ದು ಮಾಡಿದರು, ಸರಿಯಾಗಿಯೇ ಮಾಡಿದರು. ಲೆಕ್ಕದ ನ್ಯಾಯ ವೇಮಗಲ್‌ಗೂ ಅದೇ ಎನ್ನಬಹುದು. ಆದರೆ ಇಲ್ಲಿ ಊರು ತುಂಬಿತ್ತು, ಅಮ್ಮನಂಥವರು ಜೀವಂತವಾಗಿದ್ದರು.

ಅಂದೇ ಕುಳಿತು ನಮೂನೆ 6 ತುಂಬಿದೆ. 2009ರ ಲೋಕಸಭಾ ಚುನಾವಣೆಗೆ ಅವಳ ಹೆಸರು ಬಂತು. ಆ ಸಲ ಡ್ಯೂಟಿಗೆ ಹೋಗುವ ಮುಂಚೆ ಪಟ್ಟಿಯ ಪ್ರತಿ ತರಿಸಿ, ಅವಳ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿಯೇ ಹೊರಟೆ. "ಕೋಲಾರ ಅಂತ ಬರೆದಿದೆ" ಎಂದೆ. "ಇರಲಿ ಬಿಡು, ಹೆಸರು ನಂದೇ ತಾನೇ" ಎಂದಳು.

ಎರಡು ವರ್ಷಕ್ಕೆ ಅಮ್ಮ ತೀರಿಕೊಂಡಳು. ಹೆಸರು ತೆಗೆಸುವ ನಮೂನೆ 7 ಅನ್ನು ಬೇರೆಯವರು ತುಂಬುವುದು ಬೇಡವೆಂದು ನಾನೇ ತುಂಬಿದೆ. ಬರೆಯುವ ಮುಂಚೆ ಅವಳ ಹೆಸರನ್ನು ಒಂದು ಸಲ ಗಟ್ಟಿಯಾಗಿ ಓದಿದೆ. ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ತರಗತಿಗೆ ಹೋಗಿ ಆ ಹುಡುಗಿಗೆ ಉತ್ತರ ಹೇಳಿದೆ. ಆಮೇಲೆ ಮಕ್ಕಳಿಗೆಲ್ಲ ಒಂದು ಮನೆಗೆಲಸ ಕೊಟ್ಟೆ: ಮನೆಯ ಅಜ್ಜಿಯರ ಹೆಸರು ಕೇಳಿ, ಮತದಾರರ ಪಟ್ಟಿಯಲ್ಲಿ ಇದೆಯೇ ನೋಡಿಕೊಂಡು ಬನ್ನಿ ಎಂದು. ಮೂವರು ಮಕ್ಕಳು ಇಲ್ಲವೆಂದು ಬಂದರು. ಮೂರು ನಮೂನೆಗಳು ಈಗ ನನ್ನ ಮೇಜಿನ ಮೇಲಿವೆ.