ಊರು ಬಿಟ್ಟವರ ಅಡ್ಡಹೆಸರು

ತುಳಸಿಗೇರಿಯಲ್ಲಿ 'ತುಳಸಿಗೇರಿ' ಅಡ್ಡಹೆಸರಿನ ಮನೆ ನಾನು ಕಂಡಿಲ್ಲ. ಆ ಹೆಸರಿನವರು ಬೇಕೆಂದರೆ ಬಾಗಲಕೋಟೆಗೆ ಹೋಗಬೇಕು, ಇಲ್ಲವೇ ಘಟಪ್ರಭೆ ದಾಟಿ ಬೀಳಗಿ ಕಡೆ ಹುಡುಕಬೇಕು. ನಮ್ಮ ಸೀಮೆಯಲ್ಲಿ ಊರಿನ ಹೆಸರು ಅಂಟುವುದು ಊರು ಬಿಟ್ಟವರಿಗೆ. ಹೊಸ ಊರಿನ ಮಂದಿ 'ಎಲ್ಲಿಯವರಪಾ ಇವರು?' ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರವೇ ಮನೆತನದ ಹೆಸರಾಗಿ ಸಾಲಿಯ ದಾಖಲೆಗೂ ಏರಿಬಿಡುತ್ತದೆ. ಇದು ತಿಳಿದಂದಿನಿಂದ, ಲಗ್ನಪತ್ರಿಕೆ ಕೈಗೆ ಬಂದರೆ ಮುಹೂರ್ತಕ್ಕಿಂತ ಮೊದಲು ಅಡ್ಡಹೆಸರು ಓದುತ್ತೇನೆ.

ಈ ಹುಚ್ಚು ಹಿಡಿಸಿದವರು ಹೆಳವರು. ಸುಗ್ಗಿ ಮುಗಿದು ಜೋಳ ಮನೆ ಸೇರಿದ ಮೇಲೆ ಬರುತ್ತಿದ್ದರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದದ್ದನ್ನು ಕಂಡವನು ನಮ್ಮ ಮುತ್ತ್ಯಾ. ನಾನು ಕಂಡದ್ದು ಚಕ್ಕಡಿ. ಕಟ್ಟೆಯ ಮೇಲೆ ಕಂಬಳಿ ಹಾಸಿ, ಅರಿವೆಯ ಗಂಟು ಬಿಚ್ಚಿ ಹೊತ್ತಿಗೆ ತೆಗೆಯುತ್ತಿದ್ದರು. ಕೈಯಾಡಿ ಆಡಿ ಅದರ ಅಂಚು ಎಣ್ಣೆ ಹಿಡಿದ ಹಾಗೆ ಕಪ್ಪಾಗಿತ್ತು. ಬೆರಳು ಸಾಲಿನ ಮೇಲೆ ಓಡುತ್ತಿದ್ದರೂ ಅವರ ಕಣ್ಣು ಇರುತ್ತಿದ್ದದ್ದು ಅಪ್ಪನ ಮುಖದ ಮೇಲೆ. ಮೂಲಪುರುಷ, ಬೆಡಗು, ಬಿಟ್ಟುಬಂದ ಊರು, ಎಲ್ಲ ಬಾಯಲ್ಲೇ ಇತ್ತು.

'ನಿಮ್ಮ ಮುತ್ತ್ಯಾನ ಮುತ್ತ್ಯಾಗ ಮೂರು ಮಂದಿ ಗಂಡಮಕ್ಕಳ್ರಿ ಯಜಮಾನ್ರ. ಹಿರ್ಯಾ ಇಲ್ಲೇ ಉಳದ. ನಡುವಿನಾಂವ ಬರದಾಗ ಹೊಳಿ ದಾಟಿದ. ಸಣ್ಣಾಂವಗ ಸಂತಾನ ಇಲ್ಲ.'

ಯಾವ ಬರ ಎಂದರೆ 'ದೊಡ್ಡ ಬರ' ಅಷ್ಟೇ. ತಲೆಮಾರು ಎಣಿಸಿದರೆ 1876-78ಕ್ಕೆ ಬಂದು ಮುಟ್ಟುತ್ತದೆ. ಆಗ ಕಲಾದಗಿಯೇ ಜಿಲ್ಲಾ ಕೇಂದ್ರ. ಆ ಬರದಲ್ಲಿ ಜಿಲ್ಲೆಯ ಎಷ್ಟೋ ಹಳ್ಳಿಗಳು ಬರಿದಾದವು. ಹೊಳೆ ದಾಟಿದ ಆ ನಡುವಿನವನನ್ನು ನೆನೆದು ಎಷ್ಟೋ ರಾತ್ರಿ ನಿದ್ದೆ ಬಂದಿಲ್ಲ ನನಗೆ.

ಮುಂದೆ ವೈ ವರ್ಣತಂತುವಿನ ಬಗ್ಗೆ ಓದಲು ಕೂತಾಗ ಅದು ಪರಕೀಯ ಅನ್ನಿಸಲೇ ಇಲ್ಲ. ಅಪ್ಪನಿಂದ ಮಗನಿಗಷ್ಟೇ ಇಳಿಯುವ ತಂತು ಅದು. ನಕಲಾಗುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಅವನ ಗಂಡುಸಂತತಿಗೆಲ್ಲ ಅಡ್ಡಹೆಸರಿನಂತೆ ಅಂಟಿಕೊಂಡು ಸಾಗುತ್ತದೆ. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ 69 ಪ್ರಾಚೀನ ಯುರೋಪಿಯನ್ನರ ಡಿಎನ್‌ಎ ಓದಿದ ಅಧ್ಯಯನ ಬಂತು. ಸುಮಾರು 4500 ವರ್ಷಗಳ ಹಿಂದೆ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನ ದನಗಾಹಿಗಳ ಸಂತತಿ ಯುರೋಪಿನ ನಡುಭಾಗಕ್ಕೆ ದೊಡ್ಡ ಸಂಖ್ಯೆಯಲ್ಲಿ ವಲಸೆ ಬಂದದ್ದು ಅದರಲ್ಲಿ ತಿಳಿಯಿತು. ಮೊದಲಿದ್ದ ರೈತರ ಜಿ2ಎ ಕವಲು ಸೊರಗಿತು, ಆರ್‌1ಎ ಮತ್ತು ಆರ್‌1ಬಿ ಹಬ್ಬಿದವು. ಆರ್‌1ಎಯ ಒಂದು ಟಿಸಿಲು ನಮ್ಮ ದೇಶದ ಗಂಡಸರಲ್ಲೂ ಇದೆ. ಪೋಲೆಂಡಿನವನೊಬ್ಬ, ಭಾರತದವನೊಬ್ಬ, ಇಬ್ಬರಿಗೂ ಒಬ್ಬನೇ ಮೂಲಪುರುಷ! ಹೆಳವರ ಮಾತಿನಲ್ಲಿ ಹೇಳುವುದಾದರೆ ಒಂದೇ ಬೆಡಗಿನವರು, ಒಬ್ಬಾಂವ ಪಡುವಲಕ್ಕೆ ಹೋದ, ಇನ್ನೊಬ್ಬಾಂವ ಮೂಡಲಕ್ಕೆ ಬಂದ.

ಆದರೆ ಹತ್ತು ತಲೆಮಾರು ಮೇಲೇರಿದರೆ ನಮಗೆ 1024 ಪೂರ್ವಜರ ಲೆಕ್ಕ ಬರುತ್ತದೆ. ಹೊತ್ತಿಗೆಯಾಗಲಿ ವರ್ಣತಂತುವಾಗಲಿ ತೋರಿಸುವುದು ಅದರಲ್ಲಿ ಒಬ್ಬನನ್ನು. ಹೆಳವರು ಓದುವಾಗ ನಮ್ಮವ್ವ ಮೊರದ ತುಂಬ ಜೋಳ ಹಿಡಿದು ಹೊಸ್ತಿಲಲ್ಲಿ ನಿಂತು ಕೊನೆಯವರೆಗೂ ಕೇಳುತ್ತಿದ್ದಳು. ಅವಳ ಹೆಸರು ಬರುತ್ತಿರಲಿಲ್ಲ. ಅದಕ್ಕೇ ಅವ್ವನ, ಅವಳವ್ವನ, ಆಕೆಯ ಅವ್ವನ ತವರೂರುಗಳನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದೇನೆ. ಐದನೆಯ ತಲೆಮಾರಿಗೆ ದಾರಿ ಕಡಿದಿದೆ. ಕೇಳಬೇಕಾದ ಮುದುಕಿಯರು ಈಗ ಇಲ್ಲ.

ಕಳೆದ ಸಲ ಹೆಳವರ ಮಗ ಮೋಟರ್‌ಸೈಕಲ್ ಮೇಲೆ ಬಂದ. ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಮುಳುಗಿದ ನಮ್ಮ ಬೀಗರ ಪುಟ ತೆಗೆಸಿದೆ. ಮೇಲೆ ಅವನಪ್ಪನ ಕೈಬರಹದಲ್ಲಿ ಮುಳುಗಿದ ಊರಿನ ಹೆಸರು ಹಾಗೇ ಇತ್ತು. ಕೆಳಗೆ, ನೀಲಿ ಬಾಲ್‌ಪೆನ್ನಿನಲ್ಲಿ, ನವನಗರದ ಸೆಕ್ಟರ್ ನಂಬರು.